ಸಂಕ್ಷೇಪವೂ ಪಾಠಶುದ್ಧಿಯೂ: ಅಂಕೀಯ ಪ್ರತಿಗಳ ಗಾತ್ರವನ್ನು ತಗ್ಗಿಸುವ ವಿಧಾನಗಳ ಇತಿಹಾಸ

ಶ್ವೇತಾಂಬರ ಆಗಮಗಳ ಹಸ್ತಪ್ರತಿಗಳನ್ನು ಓದಿದವರಿಗೆ ‘ವಣ್ಣಓ’, ‘ಜಾವ’ ಎಂಬ ಎರಡು ಪ್ರಾಕೃತ ಪದಗಳು ಚಿರಪರಿಚಿತವಾದವು. ಕಥೆಯಲ್ಲಿ ಒಂದು ನಗರದ ಹೆಸರು ಬರುತ್ತದೆ; ಅದರ ಕೋಟೆ, ಬೀದಿ, ಉದ್ಯಾನಗಳ ವರ್ಣನೆ ಬರಬೇಕಾದೆಡೆಯಲ್ಲಿ ಲಿಪಿಕಾರನು ‘ವಣ್ಣಓ’, ಎಂದರೆ ‘ವರ್ಣಕ’, ಎಂದಷ್ಟೇ ಬರೆದು ಮುಂದೆ ಸಾಗುತ್ತಾನೆ. ಆ ವರ್ಣನೆ ಔಪಪಾತಿಕ ಸೂತ್ರದಲ್ಲಿ ಚಂಪಾನಗರದ ಪ್ರಸಂಗದಲ್ಲಿ ಒಮ್ಮೆ ಪೂರ್ಣವಾಗಿ ಬಂದಿದೆ. ಓದುಗನು ಅದನ್ನು ಅಲ್ಲಿಂದ ತಂದು ಇಲ್ಲಿ ಕೂಡಿಸಿಕೊಳ್ಳಬೇಕು. ‘ಜಾವ’ ಎಂಬುದು ಸಂಸ್ಕೃತದ ‘ಯಾವತ್’. ಒಂದು ಪದಪುಂಜದ ಮೊದಲ ಪದವನ್ನೂ ಕೊನೆಯ ಪದವನ್ನೂ ಬರೆದು ನಡುವೆ ‘ಜಾವ’ ಎಂದಿಟ್ಟರೆ ನಡುವಿನದೆಲ್ಲ ಇದೆಯೆಂದೇ ಭಾವಿಸಬೇಕು. ‘ಅಸಣ’ ಎಂದು ಬರೆದು ಅದರ ಮುಂದೆ 4 ಎಂಬ ಅಂಕಿಯನ್ನು ಹಾಕಿದ್ದರೆ ಅಶನ, ಪಾನ, ಖಾದ್ಯ, ಸ್ವಾದ್ಯಗಳೆಂಬ ನಾಲ್ಕು ಬಗೆಯ ಆಹಾರಗಳನ್ನೂ ಓದಿಕೊಳ್ಳಬೇಕು. ಪದವೊಂದರ ಮುಂದೆ 2 ಎಂದಿದ್ದರೆ ಆ ಪದವನ್ನು ಎರಡು ಬಾರಿ ಓದಬೇಕು. ಐದನೆಯ ಅಂಗವಾದ ಭಗವತೀಸೂತ್ರವು ಕೆಲವೆಡೆಗಳಲ್ಲಿ ಉಪಾಂಗವಾದ ಪ್ರಜ್ಞಾಪನೆಯನ್ನು ನೋಡಿಕೊಳ್ಳಬೇಕೆಂದು ಸೂಚಿಸುತ್ತದೆ. ಹಿರಿಯ ಗ್ರಂಥವು ಕಿರಿಯ ಗ್ರಂಥವನ್ನು ಆಶ್ರಯಿಸುವ ಈ ವಿಚಿತ್ರಕ್ಕೂ ಸಂಕ್ಷೇಪದ ಪದ್ಧತಿಯೇ ಕಾರಣ. ವೀರನಿರ್ವಾಣದ 980ನೆಯ, ಮತ್ತೊಂದು ಗಣನೆಯಂತೆ 993ನೆಯ ವರ್ಷದಲ್ಲಿ ವಲಭಿಯಲ್ಲಿ ದೇವರ್ಧಿಗಣಿ ಕ್ಷಮಾಶ್ರಮಣರ ನೇತೃತ್ವದಲ್ಲಿ ಆಗಮಗಳು ಗ್ರಂಥಸ್ಥವಾದಾಗ ಪುನರುಕ್ತಿಯನ್ನು ತಗ್ಗಿಸಬೇಕಾಗಿ ಬಂದಿತು. ಗರಿಗಳು ಮಿತವಾಗಿದ್ದುವು, ಬರೆಯುವ ಕೈಗಳೂ ಮಿತವಾಗಿದ್ದುವು.

ಈ ಸಂಕ್ಷೇಪದಿಂದ ಪಾಠಕ್ಕೆ ನಷ್ಟವಾಯಿತೆ? ಔಪಪಾತಿಕ ಸೂತ್ರವು ಓದುಗನ ಕೈಯಲ್ಲಿರುವವರೆಗೆ ಯಾವ ನಷ್ಟವೂ ಇಲ್ಲ. ಬಿಟ್ಟದ್ದು ಯಾವುದು, ಅದು ಎಲ್ಲಿದೆ ಎಂಬೆರಡನ್ನೂ ಲಿಪಿಕಾರನು ತಿಳಿಸಿದ್ದಾನೆ. ಅಂಥ ಸಂಕ್ಷೇಪವನ್ನು ಪ್ರಾಮಾಣಿಕ ಸಂಕ್ಷೇಪವೆನ್ನಬೇಕು. ಇದನ್ನು ಇಲ್ಲಿ ಪ್ರಸ್ತಾಪಿಸಲು ಕಾರಣವಿದೆ. ಹಸ್ತಪ್ರತಿಗಳ, ಪ್ರಾಚೀನ ಮುದ್ರಿತ ಗ್ರಂಥಗಳ ಛಾಯಾಪ್ರತಿಗಳನ್ನು ಗಣಕಯಂತ್ರದಲ್ಲಿ ಇರಿಸುವ ಇಂದಿನ ಭಂಡಾರಗಳು ಅದೇ ಹಳೆಯ ಸಮಸ್ಯೆಯನ್ನು ಎದುರಿಸುತ್ತಿವೆ. ಅವು ಅನುಸರಿಸುವ ವಿಧಾನಗಳು ಮಾತ್ರ ಎಲ್ಲವೂ ಲಿಪಿಕಾರನಷ್ಟು ಪ್ರಾಮಾಣಿಕವಾಗಿಲ್ಲ. ‘ಕಡತದ ಗಾತ್ರವನ್ನು ತಗ್ಗಿಸುವುದು’ ಎಂಬ ಒಂದೇ ಮಾತಿನ ಕೆಳಗೆ ಪರಸ್ಪರ ಸಂಬಂಧವಿಲ್ಲದ ಕ್ರಿಯೆಗಳು ಅಡಗಿವೆ. ಅವುಗಳಲ್ಲಿ ಒಂದು ಪಾಠಪರಿಷ್ಕರಣದ ದೃಷ್ಟಿಯಿಂದ ಅತ್ಯಂತ ಅಪಾಯಕರವಾದುದು.

ಮೊದಲು ಗಾತ್ರದ ಲೆಕ್ಕವನ್ನು ನೋಡಬಹುದು. 45 ಸೆಂಟಿಮೀಟರ್ ಉದ್ದ, 5 ಸೆಂಟಿಮೀಟರ್ ಅಗಲದ ಒಂದು ತಾಡವಾಲೆಯನ್ನು ಅಂಗುಲಕ್ಕೆ 600 ಬಿಂದುಗಳಂತೆ ಸೆರೆಹಿಡಿದರೆ ಒಂದು ಮಗ್ಗುಲಿಗೆ ಸುಮಾರು 1 ಕೋಟಿ 25 ಲಕ್ಷ ಬಿಂದುಗಳಾಗುತ್ತವೆ. ಪ್ರತಿಯೊಂದು ಬಿಂದುವಿಗೂ ಕೆಂಪು, ಹಸಿರು, ನೀಲಿಗಳಿಗೆ ಒಂದೊಂದರಂತೆ ಮೂರು ಬೈಟುಗಳು ಬೇಕು. ಹೀಗೆ ಒಂದು ಮಗ್ಗುಲಿಗೆ ಸುಮಾರು 38 ಮೆಗಾಬೈಟ್. ನೂರು ಗರಿಗಳ ಒಂದು ಕಟ್ಟಿಗೆ ಏಳೂವರೆ ಗಿಗಾಬೈಟ್. ಮುದ್ರಿತ ಗ್ರಂಥದ ಎ4 ಅಳತೆಯ ಪುಟವೊಂದನ್ನು ಅಂಗುಲಕ್ಕೆ 300 ಬಿಂದುಗಳಂತೆ ವರ್ಣದಲ್ಲಿ ತೆಗೆದರೆ 26 ಮೆಗಾಬೈಟ್ ಆಗುತ್ತದೆ. ಬಣ್ಣವನ್ನೂ ಛಾಯೆಯನ್ನೂ ಬಿಟ್ಟು ಪ್ರತಿ ಬಿಂದುವನ್ನು ಕಪ್ಪು ಅಥವಾ ಬಿಳಿ ಎಂದು ನಿರ್ಧರಿಸಿಬಿಟ್ಟರೆ ಅದೇ ಪುಟ ಒಂದು ಮೆಗಾಬೈಟಿಗಿಂತ ಸ್ವಲ್ಪ ಹೆಚ್ಚಾಗುತ್ತದೆ, ಅಷ್ಟೆ. ಸಂಗ್ರಹಿಸಿಡುವ ವೆಚ್ಚ ಇಂದು ಬಹಳ ಇಳಿದಿದೆಯಾದರೂ ದೂರದ ವಿದ್ವಾಂಸರಿಗೆ ಕಳುಹಿಸುವಾಗ, ಸಾಮಾನ್ಯ ದೂರವಾಣಿಯ ಪರದೆಯ ಮೇಲೆ ತೆರೆಯುವಾಗ ಈ ಗಾತ್ರ ತೊಡಕಾಗಿಯೇ ಉಳಿದಿದೆ.

ಗಾತ್ರವನ್ನು ತಗ್ಗಿಸುವ ಶಾಸ್ತ್ರಕ್ಕೆ ತಳಹದಿ ಹಾಕಿದವನು ಅಮೆರಿಕದ ಕ್ಲಾಡ್ ಶ್ಯಾನನ್. 1948ರಲ್ಲಿ ಅವನು ಪ್ರಕಟಿಸಿದ ಪ್ರಬಂಧವು ಯಾವುದೇ ಸಂದೇಶವನ್ನು ನಷ್ಟವಿಲ್ಲದೆ ಎಷ್ಟರಮಟ್ಟಿಗೆ ಕುಗ್ಗಿಸಬಹುದೆಂಬ ಎಲ್ಲೆಯನ್ನು ಗಣಿತದಿಂದ ತೋರಿಸಿತು. ಮೂರು ವರ್ಷಗಳ ಬಳಿಕ ಮೆಸಾಚುಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ರಾಬರ್ಟ್ ಫ್ಯಾನೊ ಎಂಬ ಪ್ರಾಧ್ಯಾಪಕನು ಪರೀಕ್ಷೆಗೆ ಬದಲಾಗಿ ಪ್ರಬಂಧ ಬರೆಯಬಹುದೆಂದು ತನ್ನ ವಿದ್ಯಾರ್ಥಿಗಳಿಗೆ ಹೇಳಿದನು. ಡೇವಿಡ್ ಹಫ್‌ಮನ್ ಎಂಬ ವಿದ್ಯಾರ್ಥಿ ಆ ಪ್ರಬಂಧದಲ್ಲೇ ಗುರುವಿಗೂ ಸಿಕ್ಕದಿದ್ದ ಪರಿಹಾರವನ್ನು ಕಂಡುಕೊಂಡನು. 1952ರಲ್ಲಿ ಪ್ರಕಟವಾದ ಆ ಕ್ರಮದಲ್ಲಿ ಹೆಚ್ಚಾಗಿ ಬರುವ ಸಂಕೇತಕ್ಕೆ ಗಿಡ್ಡ ಗುರುತು, ವಿರಳವಾಗಿ ಬರುವುದಕ್ಕೆ ಉದ್ದ ಗುರುತು. 1977ರಲ್ಲಿ ಇಸ್ರೇಲಿನ ಹೈಫಾ ನಗರದ ತಾಂತ್ರಿಕ ವಿದ್ಯಾಸಂಸ್ಥೆಯ ಅಬ್ರಹಾಂ ಲೆಂಪೆಲ್ ಮತ್ತು ಜೇಕಬ್ ಜಿವ್ ಮತ್ತೊಂದು ಮಾರ್ಗವನ್ನು ಸೂಚಿಸಿದರು. ಒಮ್ಮೆ ಬಂದ ಪದಸಮೂಹ ಮತ್ತೆ ಬಂದಾಗ ಅದನ್ನು ಪುನಃ ಬರೆಯದೆ ‘ಇಷ್ಟು ಹಿಂದಕ್ಕೆ ಹೋಗಿ, ಅಲ್ಲಿಂದ ಇಷ್ಟು ಅಕ್ಷರಗಳನ್ನು ತೆಗೆದುಕೊಳ್ಳಿ’ ಎಂಬ ಸೂಚನೆಯನ್ನಷ್ಟೇ ಬರೆದರೆ ಸಾಕು. ಆಗಮಗಳ ‘ಜಾವ’ ಇದಕ್ಕಿಂತ ಭಿನ್ನವಲ್ಲ. ಈ ಎರಡೂ ಮಾರ್ಗಗಳನ್ನು ಕೂಡಿಸಿದ ‘ಡಿಫ್ಲೇಟ್’ ಎಂಬ ಕ್ರಮವು 1996ರಿಂದ ಪಿಡಿಎಫ್ ಕಡತಗಳಲ್ಲಿಯೂ ಬಳಕೆಗೆ ಬಂದಿದೆ. ಇವೆಲ್ಲವೂ ಲೋಪರಹಿತ ಸಂಕೋಚನಗಳು. ಬಿಚ್ಚಿದಾಗ ಒಂದು ಬಿಂದುವಿನ ವ್ಯತ್ಯಾಸವೂ ಇಲ್ಲದೆ ಮೂಲವೇ ಮರಳಿ ದೊರೆಯುತ್ತದೆ.

ಲೋಪರಹಿತವೆಂದು ತೋರುವಲ್ಲಿಯೂ ಒಂದು ಎಚ್ಚರ ಅಗತ್ಯ. ಔಪಪಾತಿಕ ಸೂತ್ರವೇ ಕೈಯಲ್ಲಿಲ್ಲದವನಿಗೆ ‘ವಣ್ಣಓ’ ಎಂಬುದು ಬರಿಯ ಶಬ್ದ. ಕನ್ನಡದ ಅಂಕೀಯ ಗ್ರಂಥಗಳಲ್ಲಿ ಇದೇ ಅವಸ್ಥೆ ಒದಗಿದ್ದುಂಟು. ಯೂನಿಕೋಡ್ ವ್ಯಾಪಕವಾಗುವುದಕ್ಕೆ ಮೊದಲು ‘ಬರಹ’, ‘ನುಡಿ’ ಮೊದಲಾದ ತಂತ್ರಾಂಶಗಳ ಅಕ್ಷರಮಾಲೆಗಳು ರೋಮನ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ಆಕೃತಿಗಳನ್ನು ಇರಿಸುತ್ತಿದ್ದುವು. ಗಾತ್ರ ಉಳಿಸಲೆಂದು ಅಕ್ಷರಮಾಲೆಯನ್ನು ಒಳಗೊಳ್ಳದೆ ಸಿದ್ಧಪಡಿಸಿದ ಪಿಡಿಎಫ್ ಕಡತವನ್ನು ಆ ಅಕ್ಷರಮಾಲೆ ಇಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಪಾಠಕ್ಕೆ ಬದಲಾಗಿ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲುಗಳು ಕಾಣುತ್ತವೆ. 2005ರಲ್ಲಿ ಅಂತರರಾಷ್ಟ್ರೀಯ ಮಾನಕವಾದ ಪಿಡಿಎಫ್/ಎ ಎಂಬ ದೀರ್ಘಕಾಲಿಕ ರೂಪವು ಅಕ್ಷರಮಾಲೆಯನ್ನು ಕಡತದೊಳಗೇ ಇರಿಸಬೇಕೆಂದು ಕಡ್ಡಾಯ ಮಾಡಿದ್ದು ಈ ಕಾರಣದಿಂದಲೇ. ಬಳಸಿದ ಅಕ್ಷರಗಳನ್ನು ಮಾತ್ರ ಇರಿಸಿ ಉಳಿದವನ್ನು ಬಿಡುವುದಕ್ಕೆ ಅದರಲ್ಲಿ ಅವಕಾಶವಿದೆ. ಅಷ್ಟರಿಂದಲೇ ಗಾತ್ರ ಸಾಕಷ್ಟು ಇಳಿಯುತ್ತದೆ.

ಛಾಯಾಚಿತ್ರಗಳ ವಿಷಯದಲ್ಲಿ ಲೋಪರಹಿತ ಕ್ರಮಗಳು ಹೆಚ್ಚಿನ ಫಲವನ್ನು ಕೊಡಲಿಲ್ಲ. ಗರಿಯ ಮೇಲ್ಮೈಯಲ್ಲಿ ಒಂದು ಬಿಂದುವಿನಂತೆ ಮತ್ತೊಂದು ಇರುವುದಿಲ್ಲವಾದ್ದರಿಂದ ‘ಜಾವ’ ಎನ್ನಲು ಪುನರುಕ್ತಿಯೇ ಸಿಕ್ಕುವುದಿಲ್ಲ. ಆದುದರಿಂದ ಏನನ್ನಾದರೂ ಬಿಡಲೇಬೇಕೆಂಬ ನಿರ್ಣಯಕ್ಕೆ ಬರಲಾಯಿತು. ಈ ದೃಷ್ಟಿಯಿಂದ 1974ನೆಯ ವರ್ಷ ಗಮನಾರ್ಹವಾದುದು. ಗಣಕಯಂತ್ರಶಾಸ್ತ್ರಕ್ಕೆ ಮೀಸಲಾದ ಒಂದೇ ಅಮೆರಿಕನ್ ಪತ್ರಿಕೆಯಲ್ಲಿ, ಒಂದೇ ವರ್ಷದ ಜನವರಿಯಲ್ಲಿ ಒಂದು, ನವೆಂಬರಿನಲ್ಲಿ ಒಂದು, ಹೀಗೆ ಎರಡು ಪ್ರಬಂಧಗಳು ಪ್ರಕಟವಾದುವು. ಅಂಕೀಯ ಪ್ರತಿಗಳು ಮುಂದೆ ಹಿಡಿದ ಎರಡು ದಾರಿಗಳಿಗೂ ಮೂಲ ಅಲ್ಲಿದೆ.

ಮೊದಲನೆಯ ಪ್ರಬಂಧದ ಕರ್ತೃಗಳಲ್ಲಿ ಪ್ರಮುಖನಾದ ನಾಸಿರ್ ಅಹಮದ್ ಬೆಂಗಳೂರಿನಲ್ಲಿ 1940ರಲ್ಲಿ ಜನಿಸಿ, ಅಲ್ಲಿಯ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, ಅಮೆರಿಕಕ್ಕೆ ತೆರಳಿದವರು. ಚಿತ್ರದ ಒಂದೊಂದು ಭಾಗವನ್ನೂ ನಿಧಾನವಾಗಿ ಏರಿಳಿಯುವ ಅಲೆಗಳು, ವೇಗವಾಗಿ ಏರಿಳಿಯುವ ಅಲೆಗಳು ಎಂದು ವಿಭಜಿಸುವ ಗಣಿತವನ್ನು ಅವರು ಯೋಚಿಸಿ 1972ರಲ್ಲಿ ಧನಸಹಾಯಕ್ಕಾಗಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವನ್ನು ಕೇಳಿದರು. ಸಹಾಯ ದೊರೆಯಲಿಲ್ಲ, ವಿಷಯವು ತೀರ ಸರಳವೆಂದು ಪರಿಶೀಲಕರೊಬ್ಬರು ಅಭಿಪ್ರಾಯಪಟ್ಟಿದ್ದರೆಂದು ಅಹಮದ್ ಅವರೇ ಮುಂದೆ ನೆನಪಿಸಿಕೊಂಡಿದ್ದಾರೆ. ಟಿ. ನಟರಾಜನ್, ಕೆ. ಆರ್. ರಾವ್ ಎಂಬವರೊಡನೆ ಸೇರಿ ಅವರು ಪ್ರಕಟಿಸಿದ ಆ ಸರಳ ವಿಷಯವೇ 1992ರಲ್ಲಿ ಮಾನಕವಾದ ಜೆಪೆಗ್ ಚಿತ್ರಗಳ ಆಧಾರ. ಜೆಪೆಗ್ ಕ್ರಮವು ಚಿತ್ರವನ್ನು ಉದ್ದಕ್ಕೆ 8, ಅಗಲಕ್ಕೆ 8 ಬಿಂದುಗಳ ಚೌಕಗಳಾಗಿ ಒಡೆದು, ಪ್ರತಿ ಚೌಕದಲ್ಲಿಯೂ ಕಣ್ಣಿಗೆ ಅಷ್ಟಾಗಿ ತೋರದ ಸೂಕ್ಷ್ಮ ಏರಿಳಿತಗಳನ್ನು ಒರಟಾಗಿ ಲೆಕ್ಕಿಸಿ ಅಥವಾ ಪೂರ್ತಿ ಬಿಟ್ಟು ಗಾತ್ರವನ್ನು ತಗ್ಗಿಸುತ್ತದೆ.

ಮನುಷ್ಯರ ಮುಖ, ಬೆಟ್ಟ, ಆಕಾಶಗಳ ಚಿತ್ರಕ್ಕೆ ಇದು ಸಮರ್ಪಕವಾಗಿದೆ. ತಾಡವಾಲೆಗೆ ಹಾಗಲ್ಲ. ಗರಿಯ ಮೇಲೆ ಕಂಠದಿಂದ ಕೊರೆದ ಅಕ್ಷರಕ್ಕೆ ಮಸಿ ಲೇಪಿಸಿ ಒರಸಿದಾಗ ಅದು ಕಪ್ಪಾಗಿ ಎದ್ದು ಕಾಣುತ್ತದೆ. ಕಾಲಾಂತರದಲ್ಲಿ ಮಸಿ ಹೋದರೆ ಉಳಿಯುವುದು ಕೊರೆದ ಗೀರು ಮಾತ್ರ. ಓರೆಯಾಗಿ ಬೆಳಕು ಬಿದ್ದಾಗ ಆ ಗೀರಿನ ಅಂಚಿನಲ್ಲಿ ಮೂಡುವ ಕ್ಷೀಣವಾದ ನೆರಳಿನಿಂದಲೇ ಅಕ್ಷರವನ್ನು ಗುರುತಿಸಬೇಕು. ಕಿರಿದಾದ, ಕ್ಷೀಣವಾದ, ವೇಗವಾಗಿ ಬದಲಾಗುವ ಛಾಯೆಯೇ ಜೆಪೆಗ್ ಮೊಟ್ಟಮೊದಲು ತ್ಯಜಿಸುವ ವಸ್ತು. ಸಾಲದುದಕ್ಕೆ ಒಮ್ಮೆ ಹೀಗೆ ಕುಗ್ಗಿಸಿದ ಪ್ರತಿಯನ್ನು ತೆರೆದು, ತಿದ್ದಿ, ಮತ್ತೆ ಕುಗ್ಗಿಸಿ ಇರಿಸಿದರೆ ನಷ್ಟದ ಮೇಲೆ ನಷ್ಟ ಸೇರುತ್ತದೆ. ಪ್ರತಿಯಿಂದ ಪ್ರತಿ ಮಾಡುತ್ತ ಹೋದ ಲಿಪಿಕಾರರ ಪರಂಪರೆಯಲ್ಲಿ ಸ್ಖಾಲಿತ್ಯಗಳು ಬೆಳೆದಂತೆಯೇ. ಆದರೂ ಜೆಪೆಗ್‌ನ ಪರವಾಗಿ ಒಂದು ಮಾತನ್ನು ಹೇಳಲೇಬೇಕು. ಅದು ಅತಿಯಾಗಿ ಕುಗ್ಗಿಸಿದಾಗ ಅಕ್ಷರದ ಸುತ್ತ ಮಬ್ಬು ಕವಿಯುತ್ತದೆ, ಚೌಕಗಳ ಅಂಚುಗಳು ಎದ್ದು ಕಾಣುತ್ತವೆ. ಇಲ್ಲಿ ಪಾಠ ಕೆಟ್ಟಿದೆ ಎಂಬುದು ನೋಡಿದೊಡನೆ ತಿಳಿಯುತ್ತದೆ. ಹುಳು ತಿಂದ ಗರಿಯಂತೆ ಅದು ತನ್ನ ಲೋಪವನ್ನು ತಾನೇ ಸಾರುತ್ತದೆ. ಸಂಪಾದಕನು ಅಲ್ಲಿ ಚುಕ್ಕೆಗಳನ್ನಿಟ್ಟು ಮುಂದೆ ಸಾಗಬಹುದು.

ಎರಡನೆಯ ಪ್ರಬಂಧದ ವಿಷಯಕ್ಕೆ ಹೋಗುವ ಮುನ್ನ ಕಪ್ಪು ಬಿಳುಪಿನ ಪ್ರತಿಗಳ ಬಗೆಗೆ ಸ್ವಲ್ಪ ಹೇಳಬೇಕಾಗಿದೆ. ದೂರವಾಣಿಯ ತಂತಿಯ ಮೂಲಕ ಪುಟಗಳನ್ನು ಕಳುಹಿಸುವ ಫ್ಯಾಕ್ಸ್ ಯಂತ್ರಗಳಿಗೆ 1980ರಲ್ಲಿ ಅಂತರರಾಷ್ಟ್ರೀಯ ಮಾನಕವೊಂದು ಸಿದ್ಧವಾಯಿತು. ಒಂದು ಸಾಲಿಗೆ 1728 ಬಿಂದುಗಳು. ಒಂದೊಂದು ಬಿಂದುವನ್ನೂ ಹೇಳದೆ ‘ಬಿಳಿ ಇಷ್ಟು, ಕಪ್ಪು ಇಷ್ಟು’ ಎಂದು ಓಟಗಳನ್ನು ಎಣಿಸಿ, ಆ ಎಣಿಕೆಗಳನ್ನು ಹಫ್‌ಮನ್ನನ ಕ್ರಮದಲ್ಲಿ ಬರೆಯುವುದು ಅದರ ರೀತಿ. 1984ರ ಪರಿಷ್ಕಾರದಲ್ಲಿ ಪ್ರತಿ ಸಾಲನ್ನೂ ಅದರ ಮೇಲಿನ ಸಾಲಿಗೆ ಹೋಲಿಸಿ ವ್ಯತ್ಯಾಸವನ್ನಷ್ಟೇ ದಾಖಲಿಸುವ ‘ನಾಲ್ಕನೆಯ ವರ್ಗ’ ಬಂದಿತು. ಗ್ರಂಥಗಳನ್ನು ಅಂಕೀಕರಿಸುವ ದೊಡ್ಡ ಯೋಜನೆಗಳು ಬಹುಕಾಲ ಈ ಕ್ರಮವನ್ನೇ ನೆಚ್ಚಿಕೊಂಡಿದ್ದುವು. ಕಪ್ಪು ಬಿಳುಪಿಗೆ ಇಳಿಸಿದ ಮೇಲಿನ ಸಂಕೋಚನದಲ್ಲಿ ಇಲ್ಲಿ ಯಾವ ಲೋಪವೂ ಇಲ್ಲ. ಲೋಪವಿರುವುದು ಇಳಿಸುವ ಕ್ರಿಯೆಯಲ್ಲೇ. ಪಶ್ಚಿಮ ಭಾರತದ ಜೈನ ಕಾಗದದ ಹಸ್ತಪ್ರತಿಗಳಲ್ಲಿ ತಪ್ಪಿದ ಅಕ್ಷರಗಳ ಮೇಲೆ ಹರಿತಾಳದ ಹಳದಿ ಲೇಪವನ್ನು ಬಳಿದು ತಿದ್ದುವ ವಾಡಿಕೆಯಿತ್ತು. ಕಪ್ಪು ಬಿಳುಪಿನ ಪ್ರತಿಯಲ್ಲಿ ಹಳದಿಯು ಬಿಳಿಯಾಗಿಬಿಡುತ್ತದೆ. ತಿದ್ದುಪಡಿ ಉಳಿಯುತ್ತದೆ, ತಿದ್ದಿದರೆಂಬ ಸಂಗತಿ ಅಳಿಸಿಹೋಗುತ್ತದೆ. ಕೆಂಪು ಮಸಿಯ ಗುರುತುಗಳ ಗತಿಯೂ ಇದೇ.

1974ರ ನವೆಂಬರಿನ ಪ್ರಬಂಧ ಆರ್. ಎನ್. ಆ್ಯಶರ್ ಮತ್ತು ಜಾರ್ಜ್ ನಾಗಿ ಎಂಬವರದು. ಮುದ್ರಿತ ಪುಟದಲ್ಲಿ ಒಂದೇ ಅಕ್ಷರ ನೂರಾರು ಬಾರಿ ಬರುತ್ತದೆ. ಪ್ರತಿ ಬಾರಿಯೂ ಅದರ ಆಕೃತಿಯನ್ನು ಬರೆದಿಡುವುದೇಕೆ? ಮೊದಲ ಬಾರಿ ಕಂಡ ಆಕೃತಿಯನ್ನು ಒಂದು ಕೋಶದಲ್ಲಿ ಸೇರಿಸಿಕೊಂಡು, ಮುಂದೆ ಅಂಥದೇ ಆಕೃತಿ ಕಂಡಾಗ ‘ಕೋಶದ ಇಷ್ಟನೆಯ ಆಕೃತಿ, ಪುಟದ ಇಂಥ ಸ್ಥಾನದಲ್ಲಿ’ ಎಂದು ಬರೆದರೆ ಸಾಕೆಂಬುದು ಅವರ ಯುಕ್ತಿ. ಇಲ್ಲಿ ಯಂತ್ರಕ್ಕೆ ಅಕ್ಷರಜ್ಞಾನವಿಲ್ಲ, ಭಾಷಾಜ್ಞಾನವೂ ಇಲ್ಲ; ಅದು ಕಾಣುವುದು ಮಸಿಯ ತುಣುಕುಗಳನ್ನು ಮಾತ್ರ. ಆದುದರಿಂದ ಈ ಯುಕ್ತಿ ಯಾವ ಲಿಪಿಗಾದರೂ ಒಪ್ಪುತ್ತದೆ. ಇಪ್ಪತ್ತೈದು ವರ್ಷಗಳ ತರುವಾಯ ಇದು ವ್ಯಾಪಕವಾಗಿ ಬಳಕೆಗೆ ಬಂದಿತು. 1998ರಲ್ಲಿ ಅಮೆರಿಕದ ಎಟಿ ಅಂಡ್ ಟಿ ಪ್ರಯೋಗಶಾಲೆಯಲ್ಲಿ ಯಾನ್ ಲಕುನ್, ಲಿಯೊಂ ಬೊಟ್ಟು, ಪ್ಯಾಟ್ರಿಕ್ ಹಾಫ್ನರ್ ಮೊದಲಾದವರು ರೂಪಿಸಿದ ಡೇಜಾವೂ ಎಂಬ ಕಡತರೂಪವು ಪುಟದ ಹಿನ್ನೆಲೆಯನ್ನೂ ಅಕ್ಷರಗಳನ್ನೂ ಬೇರೆಬೇರೆ ಪದರಗಳಾಗಿ ಬಿಡಿಸಿ, ಅಕ್ಷರಗಳ ಪದರಕ್ಕೆ ಇಂಥ ಕೋಶವನ್ನು ಬಳಸಿತು. 2000ದಲ್ಲಿ ಜೆಬಿಗ್-2 ಎಂಬ ಅಂತರರಾಷ್ಟ್ರೀಯ ಮಾನಕ ಹೊರಬಂದಿತು. ಮರುವರ್ಷ ಪಿಡಿಎಫ್ ಅದನ್ನು ಅಂಗೀಕರಿಸಿತು.

ಈ ಯುಕ್ತಿಯ ಗುಟ್ಟೆಲ್ಲ ‘ಅಂಥದೇ’ ಎಂಬ ಪದದಲ್ಲಿದೆ. ಒಂದೇ ಅಚ್ಚುಮೊಳೆಯಿಂದ ಬಂದ ಎರಡು ಅಕ್ಷರಗಳಾದರೂ ಛಾಯಾಪ್ರತಿಯಲ್ಲಿ ಬಿಂದುಬಿಂದುವಿಗೆ ಸರಿಹೊಂದುವುದಿಲ್ಲ; ಮಸಿ ಒಂದೆಡೆ ಹರಡಿರುತ್ತದೆ, ಒಂದೆಡೆ ತೆಳುವಾಗಿರುತ್ತದೆ. ಆದುದರಿಂದ ಎಷ್ಟು ವ್ಯತ್ಯಾಸದವರೆಗೆ ಎರಡನ್ನು ಒಂದೆಂದು ಭಾವಿಸಬಹುದೆಂಬ ಮಿತಿಯನ್ನು ಗೊತ್ತುಮಾಡಬೇಕು. ಮಿತಿಯನ್ನು ಬಿಗಿಗೊಳಿಸಿದರೆ ಕೋಶ ಬೆಳೆಯುತ್ತದೆ, ಕಡತವೂ ಬೆಳೆಯುತ್ತದೆ. ಸಡಿಲಿಸಿದರೆ ಕಡತ ಸಣ್ಣದಾಗುತ್ತದೆ. ಜೊತೆಗೆ ಒಂದು ಅಕ್ಷರದ ಸ್ಥಾನದಲ್ಲಿ ಅದನ್ನು ಹೋಲುವ ಮತ್ತೊಂದು ಅಕ್ಷರ ಬಂದು ಕುಳಿತುಕೊಳ್ಳುವ ಸಾಧ್ಯತೆ ಹುಟ್ಟುತ್ತದೆ. ಜೆಬಿಗ್-2 ಮಾನಕದಲ್ಲಿ ಕೋಶದ ಆಕೃತಿಗೂ ಪುಟದ ಆಕೃತಿಗೂ ಇರುವ ವ್ಯತ್ಯಾಸವನ್ನು ಬರೆದಿಟ್ಟು ಮೂಲವನ್ನು ಯಥಾವತ್ತಾಗಿ ಉಳಿಸಿಕೊಳ್ಳಲು ಅವಕಾಶವಿದೆ. ಕೋಶವನ್ನೇ ಬಳಸದಿರಲೂ ಅವಕಾಶವಿದೆ. ಯಾವುದನ್ನು ಆರಿಸಬೇಕೆಂಬುದು ಯಂತ್ರ ತಯಾರಿಸುವವನಿಗೆ ಬಿಟ್ಟ ವಿಷಯ.

2013ರ ಜುಲೈ 24ರಂದು ಜರ್ಮನಿಯಲ್ಲಿ ಇದರ ಫಲ ಬೆಳಕಿಗೆ ಬಂದಿತು. ಕಟ್ಟಡವೊಂದರ ನಕ್ಷೆಯನ್ನು ಜೆರಾಕ್ಸ್ ಸಂಸ್ಥೆಯ ‘ವರ್ಕ್‌ಸೆಂಟರ್’ ಯಂತ್ರದಲ್ಲಿ ಪ್ರತಿ ತೆಗೆಯಲಾಗಿತ್ತು. ನಕ್ಷೆಯಲ್ಲಿ ಮೂರು ಕೋಣೆಗಳಿದ್ದುವು. ಅವುಗಳ ವಿಸ್ತೀರ್ಣ ಕ್ರಮವಾಗಿ 14.13, 21.11, 17.42 ಚದರ ಮೀಟರ್ ಎಂದು ಮೂಲದಲ್ಲಿತ್ತು. ಪ್ರತಿಯಲ್ಲಿ ಮೂರಕ್ಕೂ 14.13 ಎಂದೇ ಬಂದಿತ್ತು. ಅಂಕಿಗಳು ಮಬ್ಬಾಗಿರಲಿಲ್ಲ, ಮುರಿದಿರಲಿಲ್ಲ. ಮೂಲದಷ್ಟೇ ಸ್ಫುಟವಾಗಿ ತಪ್ಪಾಗಿದ್ದುವು. ಎದ್ದು ಕಾಣುವಷ್ಟು ದೊಡ್ಡದಾದ ಕೋಣೆಗೆ ಚಿಕ್ಕ ಕೋಣೆಯ ಅಳತೆ ಬಂದುದರಿಂದ ಮಾತ್ರ ಅದು ಗಮನಕ್ಕೆ ಬಂದಿತು. ವಿಷಯವನ್ನು ಪರಿಶೀಲಿಸಿದ ಡೇವಿಡ್ ಕ್ರೀಸೆಲ್ ಎಂಬ ಗಣಕವಿಜ್ಞಾನಿ ಅದನ್ನು ಆಗಸ್ಟ್ ಆರಂಭದಲ್ಲಿ ಪ್ರಕಟಪಡಿಸಿದನು. ಬೆಲೆಗಳ ಪಟ್ಟಿಯೊಂದರಲ್ಲಿ 6 ಎಂಬ ಅಂಕಿ 8 ಆಗಿ ಬದಲಾದುದನ್ನೂ ಅವನು ತೋರಿಸಿದನು. ಕಾರಣ ಜೆಬಿಗ್-2ರ ಆಕೃತಿಕೋಶ: ಸಣ್ಣ ಅಂಕಿಗಳ ತುಣುಕುಗಳನ್ನು ಯಂತ್ರವು ‘ಅಂಥದೇ’ ಎಂದು ತಪ್ಪಾಗಿ ಗಣಿಸಿತ್ತು.

ಸಂಸ್ಥೆಯು ಮೊದಲಿಗೆ ಕೊಟ್ಟ ವಿವರಣೆ ಹೀಗಿತ್ತು: ಮೂರು ಗುಣಮಟ್ಟಗಳಲ್ಲಿ ಅತಿ ಕೆಳಗಿನದನ್ನು ಆರಿಸಿದಾಗ ಅಕ್ಷರಗಳು ಅದಲುಬದಲಾಗಬಹುದು, ಯಂತ್ರದಲ್ಲಿ ಆ ಎಚ್ಚರಿಕೆಯನ್ನು ಕೊಟ್ಟಿದೆ, ಕಾರ್ಖಾನೆಯಿಂದ ಬಂದ ವ್ಯವಸ್ಥೆಯಲ್ಲಿ ಅಂಥ ದೋಷವಿಲ್ಲ. ಮೇಲಿನ ಗುಣಮಟ್ಟಗಳಲ್ಲಿಯೂ ದೋಷವಿದೆಯೆಂದು ಕ್ರೀಸೆಲ್ ತೋರಿಸಿಕೊಟ್ಟ ಮೇಲೆ ಸಂಸ್ಥೆ ಅದನ್ನು ಒಪ್ಪಿಕೊಂಡು, ಅದೇ ಆಗಸ್ಟಿನಲ್ಲಿ ತಿದ್ದುಪಡಿಯನ್ನು ಒದಗಿಸಿತು. ಕ್ರೀಸೆಲ್‌ನ ಲೆಕ್ಕದಂತೆ ದೋಷವು ಎಂಟು ವರ್ಷಗಳಿಂದ ಯಂತ್ರಗಳಲ್ಲಿತ್ತು. ಆ ಅವಧಿಯಲ್ಲಿ ತೆಗೆದ ಪ್ರತಿಗಳಲ್ಲಿ ಯಾವುದು ಕೆಟ್ಟಿದೆ, ಯಾವುದು ಕೆಟ್ಟಿಲ್ಲವೆಂಬುದನ್ನು ಪ್ರತಿಯನ್ನಷ್ಟೇ ನೋಡಿ ಹೇಳುವ ಮಾರ್ಗವಿಲ್ಲ. ಮೂಲ ಕಾಗದವನ್ನು ಉಳಿಸಿಕೊಂಡವರಿಗೆ ಮಾತ್ರ ಅದು ಸಾಧ್ಯ. 2015ರಲ್ಲಿ ಜರ್ಮನಿ, ಸ್ವಿಟ್ಜರ್ಲೆಂಡ್‌ಗಳ ಅಧಿಕೃತ ಮಾರ್ಗಸೂಚಿಗಳು ದಾಖಲೆಗಳ ಸಂರಕ್ಷಣೆಗೆ ಜೆಬಿಗ್-2ನ್ನು ಬಳಸದಂತೆ ನಿಷೇಧಿಸಿದುವು.

ಗ್ರಂಥಸಂಪಾದನಶಾಸ್ತ್ರವನ್ನು ಬಲ್ಲವರಿಗೆ ಈ ದೋಷದ ಸ್ವರೂಪ ಹೊಸದೆನಿಸದು. ಲಿಪಿಕಾರನು ತನಗೆ ಅಪರಿಚಿತವಾದ ಪದವನ್ನು ಪರಿಚಿತವಾದ ಪದವಾಗಿ ಬದಲಿಸಿ ಬರೆಯುತ್ತಾನೆಂಬುದು ಆ ಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಆದುದರಿಂದಲೇ ಎರಡು ಪಾಠಾಂತರಗಳಲ್ಲಿ ಕ್ಲಿಷ್ಟವಾದುದಕ್ಕೆ ಮನ್ನಣೆ. ಆಕೃತಿಕೋಶದ ಯಂತ್ರ ಮಾಡುವುದೂ ಇದನ್ನೇ. ಅದು ಹೊಸ ಆಕೃತಿಯನ್ನು ಈ ಮೊದಲೇ ಕಂಡ ಆಕೃತಿಯನ್ನಾಗಿಸುತ್ತದೆ. ಅಂತರವಿಷ್ಟೇ: ಲಿಪಿಕಾರನ ತಪ್ಪಿಗೆ ಅರ್ಥದ ಒಂದು ಎಳೆ ಇರುತ್ತದೆ, ಅದನ್ನು ಹಿಡಿದು ಸಂಪಾದಕನು ಮೂಲಕ್ಕೆ ಹಿಂದಿರುಗಬಲ್ಲನು, ಯಂತ್ರದ ತಪ್ಪಿಗೆ ಆಕೃತಿಯ ಸಾಮ್ಯವೊಂದೇ ಆಧಾರ. ಜೊತೆಗೆ, ಲಿಪಿಕಾರನ ಪ್ರತಿಯನ್ನು ಪ್ರತಿಯೆಂದೇ ಸಂದೇಹದಿಂದ ನೋಡಲಾಗುತ್ತದೆ. ಛಾಯಾಪ್ರತಿಯನ್ನು ಯಾರೂ ಹಾಗೆ ನೋಡುವುದಿಲ್ಲ. ಅದನ್ನು ಮೂಲವೆಂದೇ ಭಾವಿಸಿ ಪಾಠವನ್ನು ಉದ್ಧರಿಸುತ್ತಾರೆ.

ಕನ್ನಡ ಲಿಪಿಗೆ ಇದರಿಂದಾಗುವ ಅಪಾಯವನ್ನು ಊಹಿಸುವುದು ಕಷ್ಟವಲ್ಲ. ದ-ಧ, ಡ-ಢ, ಪ-ಫ, ಚ-ಛ ಇವುಗಳ ಭೇದವೆಲ್ಲ ಅಡಿಯಲ್ಲಿ ಸೀಳಿದ ಒಂದು ಕಿರುಗೆರೆಯಲ್ಲಿದೆ. ಆ ಗೆರೆ ಸಣ್ಣ ಅಚ್ಚಿನಲ್ಲಿ ಎರಡು ಮೂರು ಬಿಂದುಗಳಷ್ಟಿರಬಹುದು. ಯಂತ್ರದ ಮಿತಿ ಸಡಿಲವಾಗಿದ್ದರೆ ಧನವು ದನವಾಗುತ್ತದೆ, ಫಲವು ಪಲವಾಗುತ್ತದೆ. ‘ಪಲ’ವೆಂಬ ತೂಕವೂ ಪ್ರಾಚೀನ ಗ್ರಂಥಗಳಲ್ಲಿ ಬರುವುದರಿಂದ ಅದನ್ನು ತಪ್ಪೆಂದು ಗುರುತಿಸುವುದೂ ಸುಲಭವಲ್ಲ. ೬, ೭ ಎಂಬ ಕನ್ನಡದ ಅಂಕಿಗಳು ಸ್ಥೂಲವಾಗಿ ಒಂದನ್ನೊಂದು ಹೋಲುತ್ತವೆ. ಶಕವರ್ಷಗಳಲ್ಲಿ ಇವು ಅದಲುಬದಲಾದರೆ ಕಾಲನಿರ್ಣಯದ ಗತಿಯೇನು? ನಾಗರಿಯಲ್ಲಿ ಬಕಾರ ವಕಾರಗಳ ಭೇದ ಹೊಟ್ಟೆಯೊಳಗಿನ ಒಂದು ಗೆರೆಯಷ್ಟೆ. ಪ್ರಾಕೃತ ಗ್ರಂಥಗಳ ಪಾಠಾಂತರಗಳಲ್ಲಿ ಅದಕ್ಕಿರುವ ಮಹತ್ತ್ವವನ್ನು ಹೇಳಬೇಕಾಗಿಲ್ಲ. ಅಡಿಟಿಪ್ಪಣಿಗಳ ಕಿರಿಯ ಅಕ್ಷರಗಳಲ್ಲಿಯೇ ಈ ಭಯ ಹೆಚ್ಚು. ಪಾಠಾಂತರಗಳನ್ನು ಅಚ್ಚುಹಾಕುವುದು ಅಲ್ಲಿಯೇ ಎಂಬುದನ್ನು ಮರೆಯುವಂತಿಲ್ಲ. ಜೆರಾಕ್ಸ್ ಯಂತ್ರಗಳು ತಿದ್ದುಪಡಿ ಪಡೆದಿರಬಹುದು; ಆದರೆ ಆಕೃತಿಕೋಶವನ್ನು ಬಳಸುವ ತಂತ್ರಾಂಶಗಳು ಇಂದಿಗೂ ಇವೆ. ಪುಟವನ್ನು ಅತಿಯಾಗಿ ಕುಗ್ಗಿಸಿ ಕೊಡುವ ತಂತ್ರಾಂಶದಲ್ಲಿ ಒಳಗೆ ನಡೆಯುವುದೇನೆಂದು ಬಳಸುವವನಿಗೆ ತಿಳಿಯದು.

ಭಂಡಾರಗಳು ಗಾತ್ರವನ್ನು ತಗ್ಗಿಸಲೇಬಾರದೆಂದು ಇದರ ಅರ್ಥವಲ್ಲ. ಗರಿಯ ಮೂಲ ಛಾಯಾಪ್ರತಿಯನ್ನು ಲೋಪರಹಿತವಾದ ಟಿಫ್ ರೂಪದಲ್ಲಿಯೋ, ಜೆಪೆಗ್ 2000 ಎಂಬ ಕ್ರಮದ ಲೋಪರಹಿತ ವಿಧದಲ್ಲಿಯೋ ಇರಿಸಿಕೊಂಡು, ಓದುಗರಿಗೆ ಮಾತ್ರ ಕುಗ್ಗಿಸಿದ ಪ್ರತಿಯನ್ನು ಕೊಡುವುದು ಸಾಧ್ಯವಿದೆ. ಕುಗ್ಗಿಸಿದುದು ಯಾವ ಕ್ರಮದಿಂದ ಎಂಬುದನ್ನು ಆ ಪ್ರತಿಯಲ್ಲಿಯೇ ನಮೂದಿಸಿದರೆ ಪುಷ್ಪಿಕೆಯಲ್ಲಿ ಮಾತೃಪ್ರತಿಯನ್ನು ಹೆಸರಿಸಿದ ಲಿಪಿಕಾರನ ಸತ್ಸಂಪ್ರದಾಯವನ್ನು ಮುಂದುವರಿಸಿದಂತಾಗುತ್ತದೆ. ಕಷ್ಟವಿರುವುದು ಬೇರೆಡೆ. ಸ್ಥಳಾಭಾವದಿಂದ ಮೂಲ ಛಾಯಾಪ್ರತಿಗಳನ್ನು ಅಳಿಸಿ ಕುಗ್ಗಿಸಿದವನ್ನೇ ಉಳಿಸಿಕೊಂಡಾಗ, ಅಥವಾ ಛಾಯಾಪ್ರತಿ ಇದೆಯೆಂಬ ಧೈರ್ಯದಿಂದ ಗರಿಗಳ ಆರೈಕೆಯನ್ನೇ ಅಲಕ್ಷಿಸಿದಾಗ, ಮುಂದಿನ ಸಂಪಾದಕನಿಗೆ ಹಿಂದಿರುಗಲು ದಾರಿ ಉಳಿಯುವುದಿಲ್ಲ.

ಹಿಂದಿರುಗುವ ದಾರಿ ಉಳಿದಿದ್ದುದರಿಂದ ಪಾಠವೊಂದು ಮರಳಿ ದೊರೆತ ನಿದರ್ಶನ ಕರ್ನಾಟಕದಲ್ಲಿಯೇ ಇದೆ. ಷಟ್ಖಂಡಾಗಮ ಮತ್ತು ಧವಲಾ ಟೀಕೆಯ ತಾಡವಾಲೆಗಳು ಮೂಡುಬಿದಿರೆಯಲ್ಲಿ ಮಾತ್ರ ಉಳಿದುಬಂದಿದ್ದುವು. ಹಳಗನ್ನಡ ಲಿಪಿಯ ಆ ಗರಿಗಳಿಂದ ಪ್ರತಿ ಮಾಡುವ ಕಾರ್ಯ 19ನೆಯ ಶತಮಾನದ ಕಡೆಯಲ್ಲಿ ಆರಂಭವಾಗಿ 20ನೆಯ ಶತಮಾನದ ಮೊದಲ ದಶಕಗಳವರೆಗೆ ನಡೆಯಿತು. ಆ ಪ್ರತಿಗಳಿಂದ ಬೇರೆ ಪ್ರತಿಗಳಾದುವು. ಹೀರಾಲಾಲ ಜೈನರು 1939ರಲ್ಲಿ ಮೊದಲ ಸಂಪುಟವನ್ನು ಪ್ರಕಟಿಸಿದಾಗ ಅವರ ಮುಂದಿದ್ದುದು ಪ್ರತಿಯ ಪ್ರತಿಗಳೇ. ಸತ್‌ಪ್ರರೂಪಣೆಯ 93ನೆಯ ಸೂತ್ರದಲ್ಲಿ ಮನುಷ್ಯಿನಿಯರ ಗುಣಸ್ಥಾನಗಳನ್ನು ಹೇಳುವಾಗ ‘ಸಂಜದಾಸಂಜದ’ ಎಂಬ ಪದದ ಬಳಿಕ ‘ಸಂಜದ’ ಎಂಬ ಪದವಿರಬೇಕೆಂದು ಸಂಪಾದಕರಿಗೆ ತೋರಿತು. ಪ್ರತಿಗಳಲ್ಲಿ ಅದು ಇರಲಿಲ್ಲ. ಒಂದರ ಬೆನ್ನಿಗೆ ಬರುವ ಸಮಾನಾಕಾರದ ಪದವನ್ನು ಬರೆದಾಯಿತೆಂದು ಭ್ರಮಿಸಿ ಕಣ್ಣು ಮುಂದಕ್ಕೆ ಜಾರಿರಬೇಕೆಂದು ಊಹಿಸಬಹುದು. ಆ ಒಂದು ಪದವಿಲ್ಲದಿದ್ದರೆ ಸೂತ್ರವು ಐದನೆಯ ಗುಣಸ್ಥಾನಕ್ಕೇ ನಿಲ್ಲುತ್ತದೆ; ಇದ್ದರೆ ಸಂಯತಾವಸ್ಥೆಯನ್ನೂ ಹೇಳಿದಂತಾಗಿ, ಅದು ಭಾವಸ್ತ್ರೀಯನ್ನು ಕುರಿತದ್ದೋ ದ್ರವ್ಯಸ್ತ್ರೀಯನ್ನು ಕುರಿತದ್ದೋ ಎಂಬ ವಿಚಾರ ಏಳುತ್ತದೆ. ದಿಗಂಬರ ವಿದ್ವಾಂಸರಲ್ಲಿ ದೀರ್ಘವಾದ ವಾದವಿವಾದಗಳು ನಡೆದುವು. ಮುಂದೆ ಮೂಡುಬಿದಿರೆಯ ತಾಡವಾಲೆಗಳನ್ನು ತೆಗೆದು ನೋಡಲಾಯಿತು. ಅವುಗಳಲ್ಲಿ ‘ಸಂಜದ’ ಪದ ಇದ್ದಿತು. ನಾಗರಿಯ ಪ್ರತಿಗಳಲ್ಲಿ ಆ ಸ್ಥಳದಲ್ಲಿ ಅಳಿಸಿದ ಗುರುತಾಗಲಿ, ಬಿಟ್ಟ ಜಾಗವಾಗಲಿ ಇರಲಿಲ್ಲ. ಸಾಲು ಅಚ್ಚುಕಟ್ಟಾಗಿಯೇ ಇತ್ತು.